ವರ್ಮಾಂಟಿನಿಂದ ಅಣ್ಣನಿಗೆ: ಸೌದೆ ಹೊರುವ ಸಣ್ಣ ಟ್ರ್ಯಾಕ್ಟರು

ಸೇಂಟ್ ಜಾನ್ಸ್‌ಬರಿ, ವರ್ಮಾಂಟ್
ಅಕ್ಟೋಬರ್

ಪ್ರೀತಿಯ ಅಣ್ಣ,

ನಾವಿಲ್ಲಿ ಕ್ಷೇಮ. ಮಗಳು, ಅಳಿಯ, ಮಕ್ಕಳು ಎಲ್ಲರೂ ಆರಾಮಾಗಿದ್ದಾರೆ. ಅತ್ತಿಗೆಯ ಮಂಡಿನೋವು ಇಳಿದಿದೆ ಎಂದು ಕೇಳಿ ಸಮಾಧಾನವಾಯಿತು. ಅಡಿಕೆ ಬೇಯಿಸುವ ಹೊತ್ತಿಗೆ ಬೆಟ್ಟದಿಂದ ಸೌದೆ ಇಳಿಸಲು ಒಂದು ಸಣ್ಣ ಟ್ರ್ಯಾಕ್ಟರ್ ತೆಗೆದುಕೊಳ್ಳೋಣವೇ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಇಲ್ಲಿ ಅಳಿಯನದೂ ಅದೇ ಯೋಚನೆ. ಅವನೊಡನೆ ಡೀಲರುಗಳ ಅಂಗಳಗಳನ್ನು ಸುತ್ತಿದೆ, ಮರ ಕಡಿಯುವವರ ಹಿಂದೆ ಕಾಡಿಗೂ ಹೋಗಿಬಂದೆ. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯಲ್ಲ, ಅದಕ್ಕೇ ಈ ಕಾಗದ.

ಮೊದಲು ಇಲ್ಲಿನ ಸೌದೆಯ ವಿಚಾರ. ಈ ಸೀಮೆಯ ಹಳ್ಳಿಮನೆಗಳಲ್ಲಿ ಚಳಿಗಾಲದುದ್ದಕ್ಕೂ ಕಬ್ಬಿಣದ ಒಲೆ ಉರಿಯುತ್ತಲೇ ಇರುತ್ತದೆ. ಸೌದೆಯನ್ನು ಅಳೆಯುವುದು ‘ಕಾರ್ಡ್’ ಲೆಕ್ಕದಲ್ಲಿ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒಟ್ಟಿಲು, ಅಂದರೆ 128 ಘನ ಅಡಿ. ಸಕ್ಕರೆ ಮೇಪಲ್ ಮರದ ಹಸಿ ಸೌದೆಯಾದರೆ ಒಂದು ಕಾರ್ಡ್ ಎರಡು ಟನ್ ಮೀರಿ ತೂಗುತ್ತದೆ. ಮಗಳ ಮನೆಗೆ ವರ್ಷಕ್ಕೆ ಐದು ಕಾರ್ಡ್ ಬೇಕು. ಕಡಿದು, ಸೀಳಿ, ಒಟ್ಟಿ, ಹೆಚ್ಚುಕಡಿಮೆ ಒಂದು ವರ್ಷ ಗಾಳಿಗೆ ಬಿಡುತ್ತಾರೆ. ತೇವಾಂಶ ಶೇಕಡಾ 20ಕ್ಕಿಂತ ಕೆಳಗಿಳಿಯದೆ ಒಲೆಗೆ ಹಾಕುವುದಿಲ್ಲ. ಹಸಿ ಸೌದೆ ಉರಿದರೆ ಶಾಖ ಕಡಿಮೆ, ಹೊಗೆ ಹೆಚ್ಚು, ಹೊಗೆಕೊಳವೆಯೊಳಗೆ ಕಿಟ್ಟ ಕಟ್ಟಿಕೊಂಡು ಬೆಂಕಿ ಹತ್ತುವ ಭಯವೂ ಇದೆ. ಈಗ ಆಶ್ ಜಾತಿಯ ಮರಗಳೇ ಹೆಚ್ಚಾಗಿ ಬೀಳುತ್ತಿವೆ. ಏಷ್ಯಾದಿಂದ ಬಂದ ಹಸಿರು ಜೀರುಂಡೆಯೊಂದು ಅವುಗಳ ತೊಗಟೆಯಡಿ ಸುರಂಗ ಕೊರೆದು ಕೊಲ್ಲುತ್ತಿದೆ. ವರ್ಮಾಂಟಿನಲ್ಲಿ ಅದು ಪತ್ತೆಯಾದದ್ದು 2018ರಲ್ಲಿ. ಸೌದೆಯ ಜೊತೆ ಹುಳವೂ ಪಯಣಿಸುತ್ತದೆಂದು, ಬೆಳೆದ ಜಾಗದ ಆಸುಪಾಸಿನಲ್ಲೇ ಸೌದೆ ಉರಿಸಿ ಎಂದು ಎಲ್ಲರೂ ಒತ್ತಿ ಹೇಳುತ್ತಾರೆ.

ಇನ್ನು ಟ್ರ್ಯಾಕ್ಟರು. ನಮ್ಮೂರಲ್ಲಿ ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಸೌದೆ ಕೆಲಸಕ್ಕೆ ಆ ಪ್ರಶ್ನೆ ಮೂರನೆಯದೋ ನಾಲ್ಕನೆಯದೋ ಆಗಬೇಕು ಎಂಬುದು ನನಗೀಗ ಮನದಟ್ಟಾಗಿದೆ. ಮೊದಲು ಕೇಳಬೇಕಾದದ್ದು ಗಾಡಿಯ ತೂಕ ಎಷ್ಟು, ಅದು ಎತ್ತುವ ಭಾರ ಎಷ್ಟು ಎಂದು. ಇಲ್ಲಿನ ಅತಿ ಸಣ್ಣ ಟ್ರ್ಯಾಕ್ಟರುಗಳ ಮುಂದಿನ ಲೋಡರ್ ಪೂರ್ತಿ ಎತ್ತರಕ್ಕೆ ಎತ್ತುವುದು ಸುಮಾರು ಮೂರೂವರೆ ಕ್ವಿಂಟಲ್. ಅದೂ ಲೋಡರಿನ ಪಿನ್ನಿನ ಬಳಿ ಅಳೆದ ಲೆಕ್ಕ. ಲೋಡರಿಗೆ ಸಿಕ್ಕಿಸುವ ಫೋರ್ಕಿನ ತುದಿಗೆ ಭಾರ ಸರಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ಇಲ್ಲಿ ಹಲವರು ದ್ರವ ಸಾಗಿಸುವ ದೊಡ್ಡ ಪ್ಲಾಸ್ಟಿಕ್ ಟ್ಯಾಂಕುಗಳ ಹೊರಗಿನ ತಂತಿಪಂಜರ ತಂದು, ಅದರೊಳಗೇ ಸೌದೆ ಒಟ್ಟಿ, ಪಂಜರ ಸಮೇತ ಎತ್ತಿ ಒಯ್ಯುತ್ತಾರೆ. ಒಮ್ಮೆ ಒಟ್ಟಿದರೆ ಮತ್ತೆ ಕೈಯಿಂದ ಮುಟ್ಟುವುದು ಒಲೆಯ ಮುಂದೆಯೇ. ಆದರೆ ಒಂದು ಪಂಜರಕ್ಕೆ ಕಾರ್ಡಿನ ಮೂರನೆಯ ಒಂದು ಪಾಲು ಹಿಡಿಯುತ್ತದೆ. ಹಸಿ ಸೌದೆಯಾದರೆ ಆರೇಳು ಕ್ವಿಂಟಲ್. ಅತಿ ಸಣ್ಣ ಗಾಡಿಗೆ ಅದು ಆಗದ ಮಾತು. ಹೀಗಾಗಿ ಸೌದೆಯನ್ನೇ ನಂಬಿದವರು ಒಂದು ಗಾತ್ರ ಮೇಲಿನದನ್ನು, ಬರೀ ಗಾಡಿಯೇ ಒಂದು ಟನ್ ದಾಟುವಂಥದ್ದನ್ನು ಕೊಳ್ಳುತ್ತಾರೆ.

ಎಚ್‌ಪಿಯ ಬಗ್ಗೆ ಒಂದು ವಿಶೇಷ. ಇಲ್ಲಿ ಬಹಳಷ್ಟು ಮಾದರಿಗಳು 25 ಎಚ್‌ಪಿಯ ಹೊಸ್ತಿಲಲ್ಲೇ, 24.5, 24.8 ಎಂದು ನಿಂತುಬಿಟ್ಟಿವೆ. ಕಾರಣ ಹೊಗೆಯ ಕಾನೂನು. 19 ಕಿಲೋವ್ಯಾಟ್, ಅಂದರೆ ಸುಮಾರು 25 ಎಚ್‌ಪಿ ದಾಟಿದ ಡೀಸೆಲ್ ಎಂಜಿನ್ನುಗಳಿಗೆ ಮಸಿಯ ಮಿತಿ ಬಿಗಿಯಾಗಿದೆ. ಅದನ್ನು ಪಾಲಿಸಲು ಅನೇಕ ಕಂಪನಿಗಳು ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂರಿಸುತ್ತವೆ. ತುಂಬಿದ ಮಸಿಯನ್ನು ಆ ಫಿಲ್ಟರ್ ಹೆಚ್ಚಿನ ಶಾಖದಲ್ಲಿ ಸುಟ್ಟುಕೊಳ್ಳಬೇಕು, ಅದಕ್ಕೆ ಎಂಜಿನ್ ಜೋರಾಗಿ ದುಡಿಯುತ್ತಿರಬೇಕು. ಸೌದೆ ಕೆಲಸದಲ್ಲಿ ಗಾಡಿ ಐದು ನಿಮಿಷ ಓಡುತ್ತದೆ, ಹತ್ತು ನಿಮಿಷ ಸುಮ್ಮನೆ ಗುರುಗುಟ್ಟುತ್ತ ನಿಂತಿರುತ್ತದೆ. ಅಂಥ ಬಳಕೆಗೆ ಫಿಲ್ಟರ್ ಇಲ್ಲದ ಸರಳ ಎಂಜಿನ್ನೇ ಹಿತವೆಂದು ಇಲ್ಲಿನ ಅನುಭವಸ್ಥರ ಅಭಿಪ್ರಾಯ. ಗೇರಿನ ಬದಲು ಪೆಡಲ್ ಒತ್ತಿದರೆ ಹಿಂದೆ ಮುಂದೆ ಸರಿಯುವ ಹೈಡ್ರೋಸ್ಟಾಟಿಕ್ ವ್ಯವಸ್ಥೆಯೂ ಲೋಡರ್ ಕೆಲಸಕ್ಕೆ ಬಲು ಅನುಕೂಲ.

ನಾನು ಕಾಡಿನಲ್ಲಿ ಕಲಿತದ್ದು ಇದೆಲ್ಲಕ್ಕಿಂತ ಮುಖ್ಯ. ಇಲ್ಲಿನ ಜಾಣರು ಟ್ರ್ಯಾಕ್ಟರನ್ನು ಇಳಿಜಾರಿಗೆ ನುಗ್ಗಿಸುವುದಿಲ್ಲ. ದಾರಿಯ ಮೇಲೆ ನಿಲ್ಲಿಸಿ, ಹಿಂದೆ ಜೋಡಿಸಿದ ವಿಂಚಿನ ಉಕ್ಕಿನ ಹಗ್ಗವನ್ನು ದಿಮ್ಮಿಯತ್ತ ಎಳೆದೊಯ್ಯುತ್ತಾರೆ. ವಿಂಚಿನ ಅಗಲವಾದ ಹಲಗೆ ನೆಲಕ್ಕೆ ಕಚ್ಚಿ ನಿಲ್ಲುತ್ತದೆ, ಎಂಜಿನ್ನಿನಿಂದ ತಿರುಗುವ ಪಿಟಿಓ ದಂಡದ ಬಲದಿಂದ ದಿಮ್ಮಿ ತಾನಾಗಿ ಹತ್ತಿರ ಬರುತ್ತದೆ. ಫಿನ್ಲೆಂಡಿನ ಫಾರ್ಮಿ, ಕೆನಡಾದ ವಾಲೆನ್‌ಸ್ಟೈನ್, ಸ್ಲೊವೇನಿಯಾದ ಯೂನಿಫಾರೆಸ್ಟ್ ಕಂಪನಿಗಳ ವಿಂಚುಗಳನ್ನು ಇಲ್ಲಿ ಹೆಚ್ಚು ಬಳಸುತ್ತಾರೆ. ಒಂದು ನಿಯಮವನ್ನು ಮಾತ್ರ ಯಾರೂ ಮುರಿಯುವುದಿಲ್ಲ: ಎಳೆಯುವ ಭಾರವನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಕೂಡದು. ಕಟ್ಟಿದ ದಿಮ್ಮಿ ಬುಡಕ್ಕೋ ಕಲ್ಲಿಗೋ ಸಿಕ್ಕಿಕೊಂಡರೆ ಮುಂದಿನ ಚಕ್ರ ಮೇಲೆದ್ದು, ಚಾಲಕ ಕ್ಲಚ್ ಒತ್ತುವ ಮೊದಲೇ ಗಾಡಿ ಹಿಂದಕ್ಕೆ ಮಗುಚಿ ಬೀಳುತ್ತದೆ. ತಲೆಯ ಹಿಂದಿನ ಕಬ್ಬಿಣದ ಕಮಾನು, ಸೊಂಟದ ಬೆಲ್ಟು ಎರಡೂ ಇದ್ದರೆ ಮಾತ್ರ ಜೀವ ಉಳಿಯುವ ಭರವಸೆ. ನಮ್ಮಲ್ಲಿ ಕೊಂಬೆಗೆ ತಾಗುತ್ತದೆಂದು ಆ ಕಮಾನನ್ನೇ ಬಿಚ್ಚಿಡುವವರಿದ್ದಾರೆ. ನೀನು ದಯವಿಟ್ಟು ಹಾಗೆ ಮಾಡಬೇಡ, ಮಾಡಲು ಯಾರಿಗೂ ಬಿಡಬೇಡ.

ಮುಂದೆ ಭಾರ ಎತ್ತುವ ಗಾಡಿಗೆ ಹಿಂದೆಯೂ ಭಾರ ಬೇಕು. ಅದಕ್ಕೆ ಹಿಂದಿನ ಟೈರುಗಳಿಗೆ ದ್ರವ ತುಂಬುತ್ತಾರೆ. ಇಲ್ಲಿನ ಚಳಿಗೆ ನೀರು ಹೆಪ್ಪುಗಟ್ಟುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ರಿಮ್ಮು ತುಕ್ಕು ಹಿಡಿಯುತ್ತದೆ. ಹೀಗಾಗಿ ಸಕ್ಕರೆ ಬೀಟಿನ ರಸ ತುಂಬುವ ರೂಢಿ ಬಂದಿದೆ! ನೀರಿಗಿಂತ ತೂಕ ಹೆಚ್ಚು, ಕೊರೆಯುವ ಚಳಿಗೂ ಹೆಪ್ಪುಗಟ್ಟುವುದಿಲ್ಲ.

ಈಗ ನಿನಗೆ ಇಷ್ಟವಾಗುವ ಸಂಗತಿಗೆ ಬರುತ್ತೇನೆ. ಈ ಗಾಡಿಗಳು ಎಲ್ಲಿ ತಯಾರಾಗುತ್ತವೆ? ಬಣ್ಣ ನೋಡಿ ಹೇಳಲಾಗದು. ಜಪಾನಿನ ಕುಬೋಟಾದ ಅತಿ ಸಣ್ಣ ಟ್ರ್ಯಾಕ್ಟರುಗಳು ಅಮೆರಿಕದ ಜಾರ್ಜಿಯಾ ರಾಜ್ಯದ ಗೇನ್ಸ್‌ವಿಲ್‌ನಲ್ಲಿ ಸಿದ್ಧವಾಗುತ್ತವೆ. ಅಪ್ಪಟ ಅಮೆರಿಕದ ಹೆಸರಾದ ಜಾನ್ ಡಿಯರ್‌ನ ಸಣ್ಣ ಗಾಡಿಗಳು ಅದೇ ರಾಜ್ಯದ ಅಗಸ್ಟಾದಿಂದ ಬಂದರೂ, ಅನೇಕ ಮಾದರಿಗಳ ಹೊಟ್ಟೆಯಲ್ಲಿರುವುದು ಜಪಾನಿನ ಯಾನ್ಮಾರ್ ಎಂಜಿನ್. ಮ್ಯಾಸಿ ಫರ್ಗ್ಯುಸನ್‌ನ ಸಣ್ಣವನ್ನು ಜಪಾನಿನ ಇಸೆಕಿ ಮಾಡಿಕೊಟ್ಟಿದೆ. ನ್ಯೂ ಹಾಲೆಂಡಿನ ನೀಲಿ ಬಣ್ಣದ ಕೆಲವು ಗಾಡಿಗಳು ದಕ್ಷಿಣ ಕೊರಿಯಾದ ಎಲ್‌ಎಸ್ ಕಂಪನಿಯವು. ಕಯೋಟಿ ಎಂಬ ಹೆಸರಿನವು ಕೊರಿಯಾದ ಡೇಗು ನಗರದ ಡೇಡಾಂಗ್ ಕಂಪನಿಯವು.

ಇದಕ್ಕೊಂದು ಹಿನ್ನೆಲೆ ಇದೆ. ಅಮೆರಿಕದವರು ಬಯಲುಸೀಮೆಯ ಹೊಲಗಳಿಗೆಂದು ಗಾಡಿಗಳನ್ನು ದೊಡ್ಡದು ಮಾಡುತ್ತ ಹೋದರು. ಜಪಾನಿನವರಿಗೆ ಬೇಕಾದದ್ದು ಸಣ್ಣ ಸಣ್ಣ ಭತ್ತದ ಗದ್ದೆಯ ಕೆಸರಿನಲ್ಲಿ ಹುಗಿಯದೆ ತಿರುಗುವ, ನಾಲ್ಕೂ ಚಕ್ರ ಎಳೆಯುವ ಗಾಡಿ. ಯಾನ್ಮಾರ್ 1933ರಲ್ಲೇ ಬಳಕೆಗೆ ಒಗ್ಗುವ ಸಣ್ಣ ಡೀಸೆಲ್ ಎಂಜಿನ್ ಮಾಡಿ ತೋರಿಸಿತ್ತು. 1970ರ ದಶಕದಲ್ಲಿ ಅಮೆರಿಕದ ಸಣ್ಣ ಹಿಡುವಳಿದಾರರಿಗೆ ಸಣ್ಣ ಟ್ರ್ಯಾಕ್ಟರ್ ಬೇಕೆನಿಸಿದಾಗ, ಫೋರ್ಡ್, ಡಿಯರ್‌ನಂಥವರೂ ಜಪಾನಿನಲ್ಲೇ ಮಾಡಿಸಿ ತಮ್ಮ ಬಣ್ಣ ಬಳಿದು ಮಾರಿದರು. ಮೇಪಲ್ ಕಾಡಿನಲ್ಲಿ ಸೌದೆ ಹೊರುವ ಈ ಗಾಡಿಯ ತವರು ಭತ್ತದ ಗದ್ದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ತೋಟದ ಟಿಲ್ಲರಿನ ಕುಲವೂ ಅದೇ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ, ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದಲೇ ಟಿಲ್ಲರ್ ಮಾಡಲು ಕಲಿತದ್ದು.

ಇಲ್ಲಿನ ಅಂಗಳಗಳಲ್ಲಿ ಮಹೀಂದ್ರದ ಕೆಂಪು ಟ್ರ್ಯಾಕ್ಟರುಗಳೂ ನಿಂತಿವೆ. ಆ ಕಂಪನಿ 1994ರಿಂದ ಇಲ್ಲಿ ವ್ಯಾಪಾರ ನಡೆಸುತ್ತಿದೆ. 2023ರ ಆಗಸ್ಟ್ 15ರಂದು ಕೇಪ್‌ಟೌನಿನಲ್ಲಿ ಬಿಡುಗಡೆ ಮಾಡಿದ ಅದರ ‘ಓಜಾ’ ಎಂಬ ಹಗುರ ಗಾಡಿಗಳನ್ನು ಜಪಾನಿನ ಎಂಜಿನಿಯರುಗಳ ಜೊತೆಗೂಡಿ ರೂಪಿಸಿದರು. ತಯಾರಾಗುವುದು ಜಹೀರಾಬಾದಿನಲ್ಲಿ, ನಮ್ಮ ಬೀದರ್ ಗಡಿ ದಾಟಿದರೆ ಸಿಗುವ ಊರಿನಲ್ಲಿ. ಪುಣೆಯ ಹತ್ತಿರದ ಸಣಸವಾಡಿಯಿಂದ ಡಿಯರ್ ಕಂಪನಿಯೂ ಗಾಡಿಗಳನ್ನು ಹೊರದೇಶಗಳಿಗೆ ಕಳಿಸುತ್ತದೆ. ನಮ್ಮ ಕಡೆಯ ಕೆಲಸಗಾರರ ಕೈ ತಾಗಿದ ಯಂತ್ರಗಳು ಇಷ್ಟು ದೂರ ದುಡಿಯುತ್ತಿರುವುದು ನೋಡಿ ನನಗೆ ಹೆಮ್ಮೆಯಾಯಿತು.

ಆದರೂ ಹೆಮ್ಮೆಯಿಂದ ಗಾಡಿ ಕೊಳ್ಳಲಾಗದು, ಅಣ್ಣ. ಎಲ್ಲಿ ತಯಾರಾಯಿತು ಎನ್ನುವುದಕ್ಕಿಂತ ಕೆಟ್ಟಾಗ ಯಾರು ಬರುತ್ತಾರೆ ಎನ್ನುವುದು ದೊಡ್ಡದು. ಹಿಮ ಬೀಳುವಾಗ ಹೈಡ್ರಾಲಿಕ್ ಪೈಪು ಒಡೆದರೆ, ಬಿಡಿಭಾಗ ಅಂದೇ ಸಿಗಬೇಕು. ಅಳಿಯ ಕೊನೆಗೆ ಕಯೋಟಿಯನ್ನೇ ಆರಿಸಿದ. 25 ಎಚ್‌ಪಿಗೆ ತುಸು ಕಡಿಮೆ, ತೂಕದ ಗಾಡಿ. ಅದರ ಡೀಲರು ಮನೆಗೆ ಹತ್ತಿರ, ಮೆಕ್ಯಾನಿಕ್ಕು ಹಳಬ, ಫೋನು ಎತ್ತುತ್ತಾನೆ. ಒಳ್ಳೆಯ ನಿರ್ಧಾರ ಎಂದೇ ನನ್ನ ಭಾವನೆ.

ನಿನ್ನ ಲೆಕ್ಕ ಬೇರೆ. ನಮ್ಮಲ್ಲಿ ಮುಂದಿನ ಲೋಡರ್ ಬಳಕೆ ಕಡಿಮೆ, ಟ್ರೈಲರೇ ಎಲ್ಲ. ಬೆಟ್ಟದ ದಾರಿ ಇಳಿಯುವಾಗ ತುಂಬಿದ ಟ್ರೈಲರ್ ಹಗುರ ಗಾಡಿಯನ್ನು ಹಿಂದಿನಿಂದ ನೂಕುತ್ತದೆ. ಹಾಗಾಗಿ ತೋಟದೊಳಗಿನ ಕೆಲಸಕ್ಕೆ ವಿಎಸ್‌ಟಿಯ 18.5 ಎಚ್‌ಪಿಯಂಥ ಕಿರುಗಾಡಿ ಸಾಕಾದರೂ, ಬೆಟ್ಟದ ಸೌದೆಗೆ ಅದರ ಮೇಲಿನ ಗಾತ್ರದ, ನಾಲ್ಕೂ ಚಕ್ರ ಎಳೆಯುವುದನ್ನೇ ನೋಡು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು, ಹತ್ತುವ ಗೇರಿನಲ್ಲೇ ಇಳಿಯಬೇಕು, ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದಾಗಿಸಬೇಕು.

ಮುಂಗಡ ಕೊಡುವ ಮೊದಲು ಮೂರು ಕೆಲಸ ಮಾಡು. ದಣಪೆಯಿಂದ ಅಡಿಕೆ ಅಂಗಳದವರೆಗೆ ದಾರಿಯ ಅತಿ ಕಿರಿದಾದ ಜಾಗವನ್ನು ಅಳೆ. ಸಾಗರದಲ್ಲೋ ಶಿವಮೊಗ್ಗದಲ್ಲೋ ಯಾವ ಕಂಪನಿಯ ಮೆಕ್ಯಾನಿಕ್ಕು ಮಳೆಗಾಲದಲ್ಲೂ ನಮ್ಮ ಊರಿಗೆ ಬರುತ್ತಾನೆಂದು ಈಗಾಗಲೇ ಗಾಡಿ ಇಟ್ಟುಕೊಂಡವರನ್ನು ವಿಚಾರಿಸು. ಆಮೇಲೆ ನಮ್ಮ ಟ್ರೈಲರಿಗೆ ನಮ್ಮ ಸೌದೆಯನ್ನೇ ತುಂಬಿಸಿ, ನಮ್ಮ ಬೆಟ್ಟದಲ್ಲೇ ಓಡಿಸಿ ತೋರಿಸಲು ಡೀಲರಿಗೆ ಹೇಳು. ಒಪ್ಪದವನ ಬಳಿ ಕೊಳ್ಳಬೇಡ. ಅಳತೆ ಬರೆದು ಕಳಿಸಿದರೆ ಅಳಿಯನೂ ನಾನೂ ಕೂತು ಮಾದರಿಗಳನ್ನು ಹೋಲಿಸಿ ತಿಳಿಸುತ್ತೇವೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ಪ್ರೀತಿಯ ತಮ್ಮ