ಗುಳ್ಳೆ

‘ಫೈಬರ್ ಕೆಲಸ’ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ನೀರಿನ ಟ್ಯಾಂಕು. ಬೆಂಗಳೂರಿನ ನೆಂಟರೊಬ್ಬರಂತೂ ಇಂಟರ್‌ನೆಟ್ ಕೇಬಲ್ ಎಳೆಯೋದಾ ಅಂತ ಕೇಳಿದ್ದರು :) ಅಲ್ಲ ಸ್ವಾಮೀ, ನಾನು ದೋಣಿ ಮಾಡುವವನು. ಮಲ್ಪೆ, ಗಂಗೊಳ್ಳಿ ಕಡೆ ಮೀನಿಗೆ ಹೋಗುವ ಫೈಬರ್ ನಾಡದೋಣಿ. ಮರದ ದೋಣಿ ಮಾಡುವವರನ್ನು ಆಚಾರಿ ಅಂತಾರೆ, ಅದಕ್ಕೊಂದು ಗೌರವ ಇದೆ. ನಮಗೆ ಇಂಗ್ಲಿಷಿನಲ್ಲಿ ಲ್ಯಾಮಿನೇಟರ್ ಅಂತ ಹೆಸರು. ಶೆಡ್ಡಿನಲ್ಲಿ ಯಾರೂ ಹಾಗೆ ಕರೆಯೋದಿಲ್ಲ. ‘ಮ್ಯಾಟ್ ಹಾಕುವವ’, ಅಷ್ಟೆ.

ಮನೆ ಕಟ್ಟಿಸುವಾಗ ಗೋಡೆ ಎದ್ದ ಮೇಲೆ ಬಣ್ಣ ಬಳಿಸ್ತೀರಿ ತಾನೆ? ನಮ್ಮದು ತಿರುಗಾಮುರುಗಾ. ದೋಣಿಯ ಆಕಾರದ ದೊಡ್ಡ ಅಚ್ಚು ಇರುತ್ತದೆ. ಅದರ ಒಳಮೈಗೆ ಮೇಣ ತಿಕ್ಕಿ, ಮೊದಲು ಬಣ್ಣದ ಜೆಲ್‌ಕೋಟ್ ಹಚ್ಚಬೇಕು, ಅರ್ಧ ಮಿಲಿಮೀಟರಿನ ಆಸುಪಾಸು. ಮುಟ್ಟಿದರೆ ಅಂಟಬೇಕು, ಆದರೆ ಬಣ್ಣ ಬೆರಳಿಗೆ ಬರಬಾರದು. ಆ ಹದಕ್ಕೆ ಬಂದಾಗ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ರೋಲರ್ ಉಜ್ಜೋದು. ಮೊದಲು ಚದರ ಮೀಟರಿಗೆ 300 ಗ್ರಾಂ ತೂಗುವ ತೆಳು ಮ್ಯಾಟ್, ಆಮೇಲೆ 450ರದ್ದು, ನಡುನಡುವೆ ಗೋಣಿಯ ಹಾಗೆ ನೇಯ್ದ ರೋವಿಂಗ್. ಅಂದರೆ ಹೊರಗಿನಿಂದ ಒಳಕ್ಕೆ ಕಟ್ಟುತ್ತಾ ಬರೋದು.

ಒಣ ಮ್ಯಾಟ್ ಬೆಳ್ಳಗೆ, ಹತ್ತಿಯ ಹಾಗೆ. ರೆಸಿನ್ ಕುಡಿದದ್ದೇ ಮಾಯ! ಗಾಜು, ರೆಸಿನ್ ಎರಡೂ ಬೆಳಕನ್ನು ಹೆಚ್ಚುಕಮ್ಮಿ ಒಂದೇ ಥರ ಬಾಗಿಸುತ್ತವೆ, ಹಾಗಾಗಿ ನಾರು ಕಣ್ಣಿಗೆ ಕಾಣೋದಿಲ್ಲ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಗಾಳಿ ಇದೆ ಅಂತ ಅರ್ಥ. ಅದೇ ಗುಳ್ಳೆ. ಅದನ್ನು ರೋಲರಿನಲ್ಲಿ ಅಂಚಿಗೆ ಓಡಿಸೋದೇ ನಮ್ಮ ಕೆಲಸ. ಮೂಲೆಗಳಲ್ಲಿ ಮ್ಯಾಟ್ ಬಾಗೋದಿಲ್ಲ, ಒತ್ತಿದಷ್ಟೂ ಮೇಲೇಳುತ್ತದೆ. ಅಲ್ಲಿ ಕತ್ತರಿ ಹಾಕದೆ ಕೈಯಲ್ಲೇ ಹರಿದು ಸಣ್ಣ ಸಣ್ಣ ತುಂಡು ಕೂರಿಸ್ತೀವಿ. ಹರಿದ ಅಂಚು ಪಕ್ಕದ ತುಂಡಿನ ಜೊತೆ ಬೆರೆಯುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿಯೇ ಉಳಿಯುತ್ತದೆ.

ಹಾಗಾದರೆ ನಿಧಾನಕ್ಕೆ ಮಾಡಬಹುದಲ್ಲ ಅಂತೀರಾ? ರೆಸಿನ್ ಬಿಡಬೇಕಲ್ಲ! ಕ್ಯಾಟಲಿಸ್ಟ್ ಹಾಕಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಕಿಲೋಗೆ 10ರಿಂದ 20 ಎಂಎಲ್, ಬಿಸಿಲು ಜಾಸ್ತಿ ಇದ್ದರೆ ಕಮ್ಮಿ. ಎಷ್ಟೇ ಲೆಕ್ಕ ಹಾಕಿದರೂ ಏಪ್ರಿಲ್ ಮಧ್ಯಾಹ್ನ ಬಕೆಟ್ಟಿನಲ್ಲೇ ಹಲ್ವಾ ಆಗಿ, ಬಿಸಿಯೇರಿ ಹೊಗೆ ಬರುತ್ತದೆ. (ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿಯೇ ಹತ್ತಬಹುದು. ಶೆಡ್ಡಿಗೆ ಬಂದ ಹುಡುಗರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು.) ನಮ್ಮ ಅವಸರವೆಲ್ಲ ಈ ಬಿಸಿಲಿನಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಕಡಲಿಗೆ ಇಳಿಯೋದು ನಾಡದೋಣಿಗಳು. ಅಷ್ಟರೊಳಗೆ ದೋಣಿ ಕೊಡಬೇಕು.

ಮೈ ತುರಿಕೆ ಬಗ್ಗೆ ಹೆಚ್ಚು ಹೇಳೋದಿಲ್ಲ. ಸಂಜೆ ತಣ್ಣೀರ ಸ್ನಾನ, ಬಟ್ಟೆ ಬೇರೆ ಬಕೆಟ್ಟಿನಲ್ಲಿ. ಅದು ಅಭ್ಯಾಸವಾಗುತ್ತದೆ. ನನಗೆ ಹೆದರಿಕೆ ಇರೋದು ವಾಸನೆ ಅಭ್ಯಾಸವಾಗುವುದರ ಬಗ್ಗೆ. ರೆಸಿನ್ನಿನಿಂದ ಏಳುವ ಸಿಹಿ ಸಿಹಿ ವಾಸನೆ ಸ್ಟೈರೀನ್‌ನದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಅದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ 2ಎ ಗುಂಪಿಗೆ ಸೇರಿಸಿತು. ನಮಗೆ ಸಿಕ್ಕಿದ್ದು ಮೂಗಿಗೆ ಕಟ್ಟುವ ಬಟ್ಟೆ. ಬಟ್ಟೆ ಧೂಳು ತಡೆದೀತು, ಆವಿಯನ್ನು ತಡೆಯೋದಿಲ್ಲ, ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಕೇಳಿದೆ, ‘ನೋಡುವಾ’ ಅಂದರು. ಆಮೇಲೆ ನಾನೇ ತಗೊಂಡೆ. ಹಾಕಿಕೊಂಡರೆ ಬೆವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ, ಆದರೂ ಬಿಡೋದಿಲ್ಲ. ಹುಡುಗರು ನಗ್ತಾರೆ, ನಗಲಿ.

ಕಳೆದ ವರ್ಷ ಒಂದು ದೋಣಿ ರಿಪೇರಿಗೆ ಬಂತು. ಬೇರೆಲ್ಲೋ ಮಾಡಿಸಿದ್ದು. ಹೊರಗಿನಿಂದ ಏನು ಚಂದ ಅಂತೀರಿ, ನೀಲಿ ಹೊಳಪು, ದೇವರ ಹೆಸರು, ನಂಬರು. ಮುಂದಿನ ಮೂತಿಯ ಹತ್ತಿರ ಮಾತ್ರ ಸಣ್ಣ ಬಿರುಕು. ಗ್ರೈಂಡರ್ ಹಿಡಿದೆ ನೋಡಿ, ಬಾಳೆದಿಂಡಿನ ಹಾಗೆ ಪದರ ಪದರವಾಗಿ ಎದ್ದು ಬಂತು. ಒಳಗಿನ ಮ್ಯಾಟ್ ಇನ್ನೂ ಬೆಳ್ಳಗೆ! ರೆಸಿನ್ ಕುಡಿದೇ ಇರಲಿಲ್ಲ. ಅಷ್ಟು ದಿನ ಆ ದೋಣಿಯ ಮೂತಿಯಲ್ಲಿ ಕಡಲಿಗೂ ಜನರಿಗೂ ನಡುವೆ ಇದ್ದದ್ದು ಬಣ್ಣ ಮತ್ತು ಮೇಲಿನ ಒಂದೆರಡು ಪದರ.

ಮಾಡಿದವನನ್ನು ಬೈಯೋಣ ಅನ್ನಿಸಿತು. ಅವನ ಹೆಸರು ದೋಣಿಯ ಮೇಲೆ ಎಲ್ಲೂ ಇಲ್ಲ, ನನ್ನದೂ ಎಲ್ಲೂ ಇರೋದಿಲ್ಲ. ಸಂಜೆ ಆರು ಗಂಟೆ ಆಗಿರಬೇಕು, ಬಕೆಟ್ಟಿನಲ್ಲಿ ರೆಸಿನ್ ಗಟ್ಟಿಯಾಗುತ್ತಾ ಬಂದಿರಬೇಕು, ಮೇಲಿನ ಪದರ ಹಾಕಿ ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸಿರಬೇಕು. ಆ ಆರು ಗಂಟೆ ನನಗೂ ಚೆನ್ನಾಗಿ ಗೊತ್ತು.

ದೋಣಿಯ ಯಜಮಾನರು ಕಿತ್ತ ಪದರವನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. “ಹ್ವಾಯ್, ಒಳ್ಗೆ ಎಂತ ಇತ್ತ್ ಅಂತ ನಮ್ಗ್ ಎಂತ ಗೊತ್ತಾತ್?” ಅಂದರು. ಅವರ ಇಬ್ಬರು ಗಂಡುಮಕ್ಕಳೂ ಅದೇ ದೋಣಿಯಲ್ಲಿ ಹೋಗುವವರು.

ಗಟ್ಟಿ ಸಿಗುವವರೆಗೆ ಕೆರೆದು, ಅಂಚನ್ನು ಇಳಿಜಾರು ಮಾಡಿ, ಹೊಸದಾಗಿ ಪದರ ಹಾಕಿದೆವು. ಮೂರನೇ ದಿನ ಅವರು ಬಂದಾಗ ನಾಣ್ಯದಿಂದ ತಟ್ಟಿ ನೋಡೋದು ಹೇಗೆ ಅಂತ ತೋರಿಸಿದೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಒಳಗೆ ಬಿಟ್ಟಿದ್ದರೆ ಡಬ್ ಅಂತ ಸತ್ತ ಸದ್ದು. ರಿಪೇರಿ ಮಾಡಿದ ಜಾಗವನ್ನೆಲ್ಲ ಕಿವಿಯಿಟ್ಟು ತಟ್ಟಿದರು. ಟಣ್, ಟಣ್. ದುಡ್ಡು ಎಣಿಸಿ ಕೊಟ್ಟರು. ಹೊರಡುತ್ತಾರೆ ಅಂದುಕೊಂಡರೆ ಮತ್ತೆ ದೋಣಿಯ ಹತ್ತಿರ ಹೋಗಿ ಕೂತರು, ನಾವು ಮುಟ್ಟದೇ ಬಿಟ್ಟ ಹಿಂಭಾಗವನ್ನು ಅದೇ ನಾಣ್ಯದಲ್ಲಿ ಒಂದೊಂದೇ ಗೇಣು ತಟ್ಟುತ್ತಾ ಬಂದರು.