ಗೋಧಿ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಯಾವ ಪುಸ್ತಕ ತೆಗೆದರೂ ಶುರುವಿನಲ್ಲೇ ಒಂದು ಪಾಠ ಸಿಗುತ್ತದೆ: ಜನ ನೋಡಲು ಹೇಗಿದ್ದಾರೆ ಅಂತ ಹೇಳುವುದು. ಎತ್ತರ, ಕುಳ್ಳ, ತೆಳ್ಳಗೆ, ದಪ್ಪ, ಉದ್ದ ಕೂದಲು, ಗುಂಗುರು ಕೂದಲು, ಕನ್ನಡಕ, ಮೀಸೆ. ಪಕ್ಕದಲ್ಲಿ ಕೂತವರನ್ನು ನೋಡಿ ಹೇಳಿದರಾಯಿತು, ಬೇರೆ ಯಾವ ಸಾಮಗ್ರಿಯೂ ಬೇಡ. ಹಾಗಾಗಿ ಇದು ಸುಲಭದ ಪಾಠ ಅಂತ ಹೆಸರು. ಕೋಲ್ಕತ್ತಾದ ನ್ಯೂಟೌನಿನಲ್ಲಿ 2 ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ 14 ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಎಲ್ಲರೂ 8ರಿಂದ 11 ವರ್ಷದವರು. ಅಪ್ಪಂದಿರು ನಮ್ಮಂಥವರ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯೂರಿಟಿ, ಅಮ್ಮಂದಿರು ಅಡುಗೆ, ಪಾತ್ರೆ, ಮನೆ ಒರೆಸುವ ಕೆಲಸ. ವಾರವಿಡೀ ಸೆಕ್ಟರ್ ಫೈವಿನಲ್ಲಿ ಕಂಪ್ಯೂಟರಿಗೆ ಹೇಳಿದ್ದು ಅರ್ಥವಾಗಿಸುವ ಕೆಲಸ ಮಾಡುವ ನನಗೆ ಈ 2 ಗಂಟೆ ಬೇರೆಯದೇ ಲೋಕ. ಅಲ್ಲಿ ನಾನು ಕಂಡಂತೆ ಈ ಪಾಠದಷ್ಟು ಕಷ್ಟದ್ದು ಇನ್ನೊಂದಿಲ್ಲ.

ಮೊದಲು ವ್ಯಾಕರಣದ ಕಷ್ಟ ಹೇಳಿಬಿಡುತ್ತೇನೆ, ಅದು ತಮಾಷೆಯಾಗಿದೆ. ಬಂಗಾಳಿಯಲ್ಲಿ ಅವನು, ಅವಳು ಎಂಬ ಭೇದ ಇಲ್ಲ. ಎರಡಕ್ಕೂ ಒಂದೇ ಪದ, ಅದರ ಉಚ್ಚಾರ ಹೆಚ್ಚುಕಡಿಮೆ 'ಶೇ'. ಹಾಗಾಗಿ ಮಗು ತನ್ನ ಅಣ್ಣನನ್ನು ತೋರಿಸಿ ಇಂಗ್ಲಿಷಿನಲ್ಲೂ ಧೈರ್ಯವಾಗಿ 'ಶೀ' ಎನ್ನುತ್ತದೆ. ಇನ್ನು 'ಲೊಂಬಾ' ಎಂದರೆ ಉದ್ದವೂ ಹೌದು, ಎತ್ತರವೂ ಹೌದು. "ಮೈ ಫಾದರ್ ಈಸ್ ಲಾಂಗ್" ಅಂತ ಬರೆಯದ ಮಗು ನನ್ನ ತರಗತಿಯಲ್ಲಿಲ್ಲ. ನಗುವ ಹಾಗಿಲ್ಲ, ನಾವೂ "ಹುಡುಗ ಉದ್ದಕ್ಕಿದ್ದಾನೆ" ಅನ್ನುವವರೇ. ಈಸ್ ಮತ್ತು ಹ್ಯಾಸ್ ನಡುವಿನ ಗಲಾಟೆಯೂ ಇಂಥದ್ದೇ. ನಾವು "ಅವಳಿಗೆ ಉದ್ದ ಕೂದಲು" ಅನ್ನುತ್ತೇವೆ, ಬಂಗಾಳಿಗಳು "ಅವಳ ಕೂದಲು ಉದ್ದ" ಅನ್ನುತ್ತಾರೆ. ಎರಡರಲ್ಲೂ ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿಗೆ ಮಾತ್ರ ಎತ್ತರಕ್ಕೊಂದು ಕ್ರಿಯಾಪದ, ಕೂದಲಿಗೆ ಇನ್ನೊಂದು. "ಶೀ ಈಸ್ ಲಾಂಗ್ ಹೇರ್" ಎಂಬ ವಾಕ್ಯ ಹುಟ್ಟುವುದು ಹೀಗೆ. ಇದೆಲ್ಲ ನಾಲ್ಕು ಭಾನುವಾರದಲ್ಲಿ ಸರಿಹೋಗುತ್ತದೆ.

ಸರಿಹೋಗದ ಕಷ್ಟ ಪದಗಳದ್ದು. ನನ್ನ ಕೈಯಲ್ಲಿದ್ದ ಚಿತ್ರಪುಸ್ತಕದಲ್ಲಿ ಕೂದಲಿಗೆ 4 ಬಣ್ಣ, ಕಣ್ಣಿಗೆ 4 ಬಣ್ಣ. ಹೊಂಗೂದಲು, ಕೆಂಗೂದಲು, ನೀಲಿ ಕಣ್ಣು, ಹಸಿರು ಕಣ್ಣು. ಆ ದೇಶದ ತರಗತಿಯಲ್ಲಿ ಇಷ್ಟು ಹೇಳಿದರೆ ಯಾರ ಮಾತು ಅಂತ ಗೊತ್ತಾಗುತ್ತದೆ. ನನ್ನ 14 ಮಕ್ಕಳಿಗೂ ಕಪ್ಪು ಕೂದಲು, ಕಪ್ಪು ಕಣ್ಣು. ಪುಸ್ತಕದ ಆ ಪುಟ ಇಲ್ಲಿ ಯಾರನ್ನೂ ಗುರುತಿಸುವುದಿಲ್ಲ. ಹಾಗಿದ್ದ ಮೇಲೆ ಮಕ್ಕಳು ಒಬ್ಬರನ್ನೊಬ್ಬರು ಬೇರೆ ಮಾಡಲು ಏನು ನೋಡುತ್ತಾರೆ? ದೊಡ್ಡವರು ಮನೆಯಲ್ಲಿ ಏನು ನೋಡುತ್ತಾರೋ ಅದನ್ನೇ, ಮೈಬಣ್ಣವನ್ನು.

ಗೆಳೆಯರ ಬಗ್ಗೆ 4 ವಾಕ್ಯ ಬರೆಯಿರಿ ಅಂದಾಗ ಒಬ್ಬ ಹುಡುಗ ಪಕ್ಕದ ಹುಡುಗಿಯ ಬಗ್ಗೆ ಬರೆದ: "ಹರ್ ಕಲರ್ ಈಸ್ ಡರ್ಟಿ." ಜಗಳವೇನೂ ಆಗಿರಲಿಲ್ಲ. ಅವನಿಗೆ ಅವಳ ಮೇಲೆ ಕೋಪವೂ ಇರಲಿಲ್ಲ. ಮನೆಯ ಮಾತನ್ನು ನಿಷ್ಠೆಯಿಂದ ಇಂಗ್ಲಿಷಿಗೆ ತಂದಿದ್ದ ಅಷ್ಟೆ. ಬಂಗಾಳಿಯಲ್ಲಿ ಕಪ್ಪಗಿರುವವರ ಬಣ್ಣಕ್ಕೆ 'ಮೊಯ್ಲಾ' ಅನ್ನುವ ರೂಢಿ ಇದೆ. ಮೊಯ್ಲಾ ಎಂದರೆ ಕೊಳೆ. ಬೆಳ್ಳಗಿದ್ದರೆ 'ಪೊರಿಷ್ಕಾರ್', ಅಂದರೆ ಸ್ವಚ್ಛ. ಹೇಳುವವರಿಗೆ ಅದು ಕೊಳೆ ಎಂಬ ಅರ್ಥದಲ್ಲಿ ಕೇಳಿಸುವುದೇ ಇಲ್ಲ, ಬಣ್ಣದ ಹೆಸರಾಗಿ ಕೇಳಿಸುತ್ತದೆ. ಇಂಗ್ಲಿಷಿಗೆ ತಿರುಗಿದಾಗ ಒಳಗಿದ್ದದ್ದು ಹೊರಗೆ ಬಿತ್ತು. ಆ ಹುಡುಗಿ ಅದನ್ನು ಓದಿ ತಲೆ ಆಡಿಸಿದಳು. ಅವಳ ಪ್ರಕಾರ ವಾಕ್ಯ ಸರಿಯಾಗಿಯೇ ಇತ್ತು. ತನ್ನ ಬಗ್ಗೆ ತಾನು ಬರೆದ ಹಾಳೆಯಲ್ಲಿ ಅವಳೂ ಅದನ್ನೇ ಬರೆದಿದ್ದಳು.

ಬಂಗಾಳಿಗಳನ್ನು ದೂರುವ ಮೊದಲು ನಮ್ಮ ಮನೆಯ ಮಾತು ನೆನಪಿಸಿಕೊಳ್ಳಬೇಕು. ನನಗೆ ಗಂಡು ನೋಡುವ ಕಾಲದಲ್ಲಿ ದೊಡ್ಡಮ್ಮ ಫೋನಿನಲ್ಲಿ ಹೇಳುತ್ತಿದ್ದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಎಂಟೆಕ್ ಮಾಡಿದ್ದಾಳೆ, ಒಳ್ಳೆ ಕೆಲಸ ಇದೆ, ಬಣ್ಣ ಮಾತ್ರ ಸ್ವಲ್ಪ ಕಮ್ಮಿ." ಉಪ್ಪು ಕಮ್ಮಿ, ಸಂಬಳ ಕಮ್ಮಿ ಅನ್ನುವ ಹಾಗೆ ಬಣ್ಣ ಕಮ್ಮಿ. ಕಪ್ಪು ಒಂದು ಬಣ್ಣವೇ ಅಲ್ಲ, ಬಣ್ಣದ ಕೊರತೆ ಎಂಬ ಲೆಕ್ಕ. ಕರಿಯಮ್ಮನಿಗೆ ಹರಕೆ ಹೊತ್ತು, ಮಗನಿಗೆ ಕೃಷ್ಣ ಅಂತ ಹೆಸರಿಟ್ಟು, ಆಮೇಲೆ ಈ ಮಾತಾಡುತ್ತೇವೆ. ಇಲ್ಲಿಯೂ ಹಾಗೆಯೇ. ಕಾಳಿಘಾಟಿನಲ್ಲಿ, ದಕ್ಷಿಣೇಶ್ವರದಲ್ಲಿ ಕೈಮುಗಿದು ಬಂದ ತಾಯಿಯೇ ಮಗಳ ಬಣ್ಣಕ್ಕೆ ಮೊಯ್ಲಾ ಅನ್ನುತ್ತಾಳೆ.

ಮನೆಯಲ್ಲಿ ಆಡುವ ಮಾತು ಪಾಠದೊಳಗೂ ಬರುತ್ತದೆ ಎಂಬುದಕ್ಕೆ ಇದೇ ರಾಜ್ಯದಲ್ಲಿ ಸಾಕ್ಷಿ ಇದೆ. 2020ರ ಜೂನಿನಲ್ಲಿ ಕೋಲ್ಕತ್ತಾದಿಂದ ಸುಮಾರು 100 ಕಿಲೋಮೀಟರ್ ದೂರದ ಬರ್ಧಮಾನಿನ ಸರ್ಕಾರಿ ಅನುದಾನಿತ ಶಾಲೆಯೊಂದರ ಇಬ್ಬರು ಶಿಕ್ಷಕಿಯರು ಅಮಾನತಾದರು. ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವ ಇಂಗ್ಲಿಷ್ ಪುಸ್ತಕದಲ್ಲಿ ಯು ಅಕ್ಷರಕ್ಕೆ 'ಅಗ್ಲಿ' ಎಂಬ ಪದ, ಪಕ್ಕದಲ್ಲಿ ಕಪ್ಪು ಹುಡುಗನ ಚಿತ್ರ. ಅದು ಸರ್ಕಾರ ಗೊತ್ತುಪಡಿಸಿದ ಪುಸ್ತಕವಾಗಿರಲಿಲ್ಲ, ಶಾಲೆಯೇ ತರಿಸಿಕೊಂಡದ್ದು. ಅಂಬ್ರೆಲಾ ಇತ್ತಲ್ಲ, ಅದನ್ನು ಬಿಟ್ಟು ಇದನ್ನು ಯಾಕೆ ಹುಡುಕಿದರೋ. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತು ಲೋಕವೆಲ್ಲ ಬಣ್ಣದ ಬಗ್ಗೆ ಮಾತಾಡುತ್ತಿದ್ದ ದಿನಗಳವು. ಅದೇ ತಿಂಗಳು ಮದುವೆ ಜಾಲತಾಣವೊಂದು ಮೈಬಣ್ಣದ ಮೇಲೆ ವಧು-ವರರನ್ನು ಸೋಸುವ ಸೌಲಭ್ಯ ತೆಗೆದುಹಾಕಿತು. 1975ರಿಂದ ನಮ್ಮ ಮನೆಗಳಲ್ಲಿದ್ದ ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಟ್ಯೂಬಿನ ಹೆಸರು ಬದಲಾಯಿಸಿದಷ್ಟು ಬೇಗ ಬಾಯಿಯ ಮಾತು ಬದಲಾಗುವುದಿಲ್ಲ.

ನಮ್ಮ ಭಾನುವಾರದ ಪಾಠಕ್ಕೆ ಇನ್ನೊಬ್ಬರು ಬರುತ್ತಾರೆ, ನಿವೃತ್ತ ಶಾಲಾ ಶಿಕ್ಷಕಿ. ನಾನು ಅವರನ್ನು ಮಾಶಿಮಾ ಅಂತ ಕರೆಯುತ್ತೇನೆ. ಅವರ ಸಲಹೆ ನೇರವಾಗಿತ್ತು: ಮೈಬಣ್ಣದ ಮಾತೇ ಬೇಡ, ಎತ್ತರ, ಕೂದಲು, ಬಟ್ಟೆ ಇಷ್ಟಕ್ಕೇ ನಿಲ್ಲಿಸು. ಬಹಳ ಜನ ಹೀಗೆಯೇ ಮಾಡುತ್ತಾರೆ, ಅದರಲ್ಲಿ ಕಾಳಜಿಯೂ ಇದೆ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ತರಗತಿಯಲ್ಲಿ ಆ ಮಾತು ಎತ್ತದಿದ್ದರೆ ಆ ಹುಡುಗಿಯ ಹತ್ತಿರ ತನ್ನ ಬಣ್ಣಕ್ಕೆ ಉಳಿಯುವ ಪದ ಒಂದೇ, ಮನೆಯಲ್ಲಿ ಕೊಟ್ಟದ್ದು. ಟೀಚರೇ ಬಾಯಿ ಬಿಡದ ವಿಷಯ ಎಂದರೆ ಅದು ನಾಚಿಕೆಯ ವಿಷಯವೇ ಇರಬೇಕು ಅಂತಲೂ ಮಕ್ಕಳು ಅಂದುಕೊಳ್ಳುತ್ತಾರೆ.

ಹಾಗಾದರೆ ಯಾವ ಪದ ಕೊಡುವುದು? ಆಗ ನೆನಪಾದದ್ದು ಕನ್ನಡ ಪತ್ರಿಕೆಗಳ ಒಳಪುಟದಲ್ಲಿ ಬರುವ 'ಕಾಣೆಯಾಗಿದ್ದಾರೆ' ಪ್ರಕಟಣೆ. ಊರಿನಲ್ಲಿ ಎಲ್ಲರೂ ಓದಿರುತ್ತೀರಿ. ಚಹರೆ ಎಂದು ಶುರುವಾಗಿ, ಎತ್ತರ 5 ಅಡಿ ಇಷ್ಟು ಇಂಚು, ಕೋಲು ಮುಖ ಅಥವಾ ದುಂಡು ಮುಖ, ಎಣ್ಣೆಗೆಂಪು ಅಥವಾ ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ಬಲಗೈ ಮೇಲೆ ಹಚ್ಚೆ, ಮನೆ ಬಿಡುವಾಗ ಬಿಳಿ ಅಂಗಿ ಧರಿಸಿದ್ದರು, ಕನ್ನಡ ಮತ್ತು ತೆಲುಗು ಮಾತನಾಡುತ್ತಾರೆ. 2016ರಲ್ಲಿ ಹೇಮಂತ್ ರಾವ್ ಮರೆವಿನ ಕಾಯಿಲೆಯ ತಂದೆ ಕಳೆದುಹೋಗುವ ಸಿನಿಮಾ ಮಾಡಿದಾಗ ಅದಕ್ಕೆ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಎಂದೇ ಹೆಸರಿಟ್ಟರು. ಅನಂತನಾಗ್ ಅವರ ಮುಖ ನೆನಪಿರುವ ಯಾರಿಗೂ ಆ ನಾಲ್ಕು ಪದ ಬರೀ ಪೊಲೀಸ್ ಭಾಷೆಯಾಗಿ ಉಳಿದಿಲ್ಲ. ಲಕ್ಷಾಂತರ ಜನಕ್ಕೆ ಹೊಂದುವ ಆ ಪದಗಳಲ್ಲಿ ಒಬ್ಬನೇ ಒಬ್ಬ ಅಪ್ಪನನ್ನು ಹುಡುಕಬೇಕು.

ಆ ಪ್ರಕಟಣೆಗಳಲ್ಲಿ ಒಂದು ಸಂಗತಿ ಗಮನಿಸಿ. ಅಲ್ಲಿ ಬಣ್ಣದ ಮಾತು ಬರುತ್ತದೆ, ದಪ್ಪ-ಸಣ್ಣದ ಮಾತು ಬರುತ್ತದೆ. ನೋಡಲು ಲಕ್ಷಣವಾಗಿದ್ದಾಳೆ ಎಂದಾಗಲೀ ಬಣ್ಣ ಕಮ್ಮಿ ಎಂದಾಗಲೀ ಬರೆದದ್ದನ್ನು ನಾನಂತೂ ನೋಡಿಲ್ಲ. ಮನೆಯವರನ್ನು ಕಳೆದುಕೊಂಡವರು ಅಂಕ ಕೊಡುವುದಿಲ್ಲ. ವಧು ಬೇಕಾಗಿದೆ ಕಾಲಂ ಮತ್ತು ಕಾಣೆಯಾಗಿದ್ದಾರೆ ಕಾಲಂ ಎರಡೂ ರೂಪವನ್ನೇ ಹೇಳುತ್ತವೆ. ಒಂದು ಆರಿಸಿಕೊಳ್ಳಲು, ಇನ್ನೊಂದು ಹುಡುಕಲು.

ಕೋಲ್ಕತ್ತಾದಲ್ಲಿ ಈ ಎರಡೂ ಕೆಲಸಕ್ಕೆ ಚರಿತ್ರೆಯಿದೆ. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ 19ನೇ ಶತಮಾನದ ಕೊನೆಯಲ್ಲಿ ಬಂಗಾಳದ ಜನರ ತಲೆ, ಮೂಗು ಅಳೆಸಿದ. ಮೂಗು ಎಷ್ಟು ಅಗಲವೋ ಜಾತಿಯ ಸ್ಥಾನ ಅಷ್ಟು ಕೆಳಗೆ ಎಂದು ವಾದಿಸಿದ. 1901ರ ಜನಗಣತಿಯ ಹೊಣೆ ಅವನಿಗೇ ಸಿಕ್ಕಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬಂಗಾಳದ ಪೊಲೀಸರೂ ಅಪರಾಧಿಗಳ ತಲೆ, ತೋಳು, ಪಾದ ಅಳೆಯುತ್ತಿದ್ದರು. ಅವರಿಗೆ ಬೇಕಾಗಿದ್ದು ಇಷ್ಟೇ, ಇವನು ಹಿಂದೆ ಸಿಕ್ಕಿಬಿದ್ದವನೇ ಹೌದೇ ಎಂದು ತಿಳಿಯುವುದು. ಅಳತೆ ನಂಬುವಂತಿಲ್ಲ ಎಂದು ಗೊತ್ತಾದಾಗ ಅದನ್ನು ಬಿಟ್ಟು ಬೆರಳಚ್ಚು ಹಿಡಿದರು. ಜಗತ್ತಿನ ಮೊದಲ ಬೆರಳಚ್ಚು ವಿಭಾಗ 1897ರಲ್ಲಿ ಈ ಊರಿನಲ್ಲೇ ಶುರುವಾಯಿತು. ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿರುವ ಆ ಪದ್ಧತಿಯ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ಸಬ್ ಇನ್‌ಸ್ಪೆಕ್ಟರುಗಳ ದುಡಿಮೆಯಿದೆ. ಮೈಯನ್ನು ನೋಡಿ ಮೇಲು-ಕೀಳು ವಿಂಗಡಿಸುವುದು ಒಂದು, ಇಂಥವರೇ ಎಂದು ಗುರುತಿಸುವುದು ಇನ್ನೊಂದು. ಮಕ್ಕಳಿಗೆ ಕಲಿಸಬೇಕಾದ್ದು ಎರಡನೆಯದು.

ಹಾಗಾಗಿ ಪಾಠವನ್ನು ಆಟ ಮಾಡಿದೆ. ದುರ್ಗಾಪೂಜೆ, ಶ್ರೀಭೂಮಿ ಪಂಡಾಲಿನ ನೂಕುನುಗ್ಗಲು, ನಿನ್ನ ಗೆಳೆಯನ ಕೈ ತಪ್ಪಿಹೋಗಿದೆ. ನೀನು ಪೊಲೀಸ್ ಬೂತಿನ ಮೈಕಿನ ಮುಂದೆ ನಿಂತಿದ್ದೀಯ. ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದ ಒಬ್ಬರು ಅವನನ್ನು ಹುಡುಕಲು ತಯಾರಿದ್ದಾರೆ. ಅವರಿಗೆ ಏನು ಹೇಳುತ್ತೀಯ? ನಿಯಮ ಒಂದೇ: ಹುಡುಕಲು ಸಹಾಯವಾಗುವ ಪದ ಉಳಿಯುತ್ತದೆ, ಆಗದ ಪದಕ್ಕೆ ಬೋರ್ಡಿನ ಮೇಲೆ ಗೀಟು ಬೀಳುತ್ತದೆ.

ಮೊದಲು ಹೋದದ್ದು 'ಬ್ಯೂಟಿಫುಲ್'. ಪೂಜೆಯ ದಿನ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಬ್ಯೂಟಿಫುಲ್ಲೇ ಇರುತ್ತಾರಲ್ಲ ದಿದಿಮೊನಿ ಅಂತ ಒಬ್ಬಳು ಅಂದಳು. ಅದರ ಬೆನ್ನಿಗೆ 'ಅಗ್ಲಿ'. 'ಡರ್ಟಿ' ಬಂದಾಗ ಸ್ವಲ್ಪ ಚರ್ಚೆ ನಡೆಯಿತು. ಡರ್ಟಿ ಹುಡುಗಿಯನ್ನು ಹುಡುಕಿ ಅಂದರೆ ಅವರು ಕೆಸರಲ್ಲಿ ಬಿದ್ದವಳನ್ನು ಹುಡುಕುತ್ತಾರೆ, ಸ್ನಾನ ಮಾಡಿದವಳು ಸಿಗುವುದಿಲ್ಲ ಅಂತ ತೀರ್ಮಾನಿಸಿದ್ದು ಅದನ್ನು ಬರೆದ ಹುಡುಗನೇ. 'ಡಾರ್ಕ್' ಉಳಿಯಿತು, 'ಫೇರ್' ಉಳಿಯಿತು, ಆದರೆ ಎರಡೂ ಪಟ್ಟಿಯ ಕೊನೆಗೆ ಹೋದವು. ಅವು ಅಷ್ಟೊಂದು ಜನಕ್ಕೆ ಹೊಂದುತ್ತವೆ, ಅವುಗಳಿಂದ ಹೆಚ್ಚು ಉಪಯೋಗವಿಲ್ಲ ಅಂತ ಮಕ್ಕಳೇ ಕಂಡುಕೊಂಡರು. ಇವೆರಡರ ನಡುವಿನ ಬಣ್ಣಕ್ಕೆ ಏನನ್ನುತ್ತಾರೆ ಅಂತ ಒಬ್ಬ ಕೇಳಿದ. 'ವೀಟಿಷ್' ಅಂದೆ. ವೀಟ್ ಅಂದರೆ ಗೋಧಿ ಅಂತ ತಿಳಿದು ನಕ್ಕರು, ನಾವು ಅನ್ನ ತಿನ್ನುವವರು ಅಂತ. ಇಂಗ್ಲೆಂಡಿನ ಪಠ್ಯಪುಸ್ತಕಗಳಲ್ಲಿ ಕಾಣದ, ನಮ್ಮ ದೇಶದಲ್ಲೇ ಚಲಾವಣೆಯಲ್ಲಿರುವ ಇಂಗ್ಲಿಷ್ ಪದ ಅದು.

ಪಟ್ಟಿಯ ಮೇಲ್ಗಡೆ ಬಂದ ಪದಗಳನ್ನು ಯಾವ ಪುಸ್ತಕವೂ ಕೊಟ್ಟಿರಲಿಲ್ಲ. ಮಚ್ಚೆ, ಗಲ್ಲದ ಮೇಲಿನ ಹೊಲಿಗೆ ಗುರುತು, ಮುರಿದ ಹಲ್ಲು, ಕೂಡುಹುಬ್ಬು, ಗುಳಿಕೆನ್ನೆ, ಎಡಗೈಲಿ ಬರೆಯುವುದು. ಪ್ರತಿಯೊಂದಕ್ಕೂ ಇಂಗ್ಲಿಷ್ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡಿದರು. ಅದಕ್ಕೂ ಹೆಚ್ಚಾಗಿ, ಒಬ್ಬರ ಮುಖವನ್ನು ಇನ್ನೊಬ್ಬರು ಅಷ್ಟು ಹೊತ್ತು ನೋಡಿದ್ದು ಅವತ್ತೇ ಮೊದಲಿರಬೇಕು. ಆ ಹುಡುಗ ಈ ಸಲ ಅದೇ ಹುಡುಗಿಯ ಬಗ್ಗೆ 7 ವಾಕ್ಯ ಹೇಳಿದ. ಎರಡು ಜಡೆ, ಹಸಿರು ರಿಬ್ಬನ್, ಹುಬ್ಬಿನ ಮೇಲೊಂದು ಮಚ್ಚೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಬಣ್ಣ ಡಾರ್ಕ್, ಬೇಗ ಬೇಗ ನಡೆಯುತ್ತಾಳೆ. ಏಳನೆಯದು, ಕರೆದರೆ ಒಂದೇ ಸಲಕ್ಕೆ ತಿರುಗುವುದಿಲ್ಲ. ಇಷ್ಟು ಹೇಳಿದರೆ ಎಂಥ ಜನಜಂಗುಳಿಯಲ್ಲೂ ಅವಳು ಸಿಗುತ್ತಾಳೆ.

ಇದರಿಂದ ಆ ಮಕ್ಕಳ ಮನೆಯ ಮಾತು ಬದಲಾಗುತ್ತದೆ ಅಂತ ನಾನು ಹೇಳುವುದಿಲ್ಲ. ವಾರಕ್ಕೆ 2 ಗಂಟೆ ನನ್ನದು, ಉಳಿದ ಹೊತ್ತೆಲ್ಲ ಓಣಿಯದ್ದು, ಟೀವಿಯದ್ದು, ಅತ್ತೆ-ಮಾಶಿಯರದ್ದು. ಇನ್ನು ಹತ್ತು ವರ್ಷಕ್ಕೆ ಅವಳ ಮದುವೆಯ ಮಾತು ಬರುವಾಗ ಯಾರಾದರೂ ಫೋನಿನಲ್ಲಿ ಮೊಯ್ಲಾ ಅಂದೇ ಅನ್ನುತ್ತಾರೆ. ಆಗ ಅವಳ ಹತ್ತಿರ ಅದಕ್ಕೆ ಬದಲಾಗಿ ಇನ್ನೊಂದು ಪದವಾದರೂ ಇರಲಿ. ಹೊಸ ಭಾಷೆ ಕಲಿಯುವುದರಿಂದ ಇಷ್ಟು ಅನುಕೂಲವಂತೂ ಇದೆ: ಅದರಲ್ಲಿ ಇನ್ನೂ ಯಾರೂ ನಮ್ಮನ್ನು ಬೈದಿರುವುದಿಲ್ಲ.

ಮುಂದಿನ ವಾರಕ್ಕೆ ಮನೆಯವರೊಬ್ಬರ ಚಹರೆ ಬರೆದು ತನ್ನಿ ಅಂದಿದ್ದೆ. ಆ ಹುಡುಗಿ ಕ್ಯಾನಿಂಗಿನಿಂದಾಚೆ ಹಳ್ಳಿಯಲ್ಲಿರುವ ಅಜ್ಜಿಯ ಬಗ್ಗೆ ಬರೆದು ತಂದಳು. ಗಿಡ್ಡ, ಬೆಳ್ಳಿ ಕೂದಲು, ಒಂದು ಕಿವಿಯ ತೂತು ದೊಡ್ಡದು, ಕೈಯಲ್ಲಿ ಶಂಖದ ಬಳೆ. ಕೊನೆಯ ವಾಕ್ಯ, "ಹರ್ ಕಲರ್ ಈಸ್ ಸೇಮ್ ಲೈಕ್ ಮಿ." ಕೆಂಪು ಪೆನ್ನಿನಲ್ಲಿ 'ದ ಸೇಮ್ ಆ್ಯಸ್ ಮೈನ್' ಅಂತ ತಿದ್ದಿ, ಕೆಳಗೆ ಸಹಿ ಹಾಕಿ ಕೊಟ್ಟೆ.