ಪರವಶ

ಮನುಷ್ಯ ತನ್ನನ್ನು ತಾನು ಕಳೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ! ಸಂಗೀತ ಕೇಳುತ್ತ ಮೈಮರೆಯುತ್ತೇವೆ. ಜಾತ್ರೆಯಲ್ಲಿ ಒಬ್ಬನಿಗೆ ಮೈಮೇಲೆ ಬರುತ್ತದೆ. ಭಜನೆಗೆ ಕುಳಿತ ಅಜ್ಜಿ ಪರವಶಳಾಗುತ್ತಾಳೆ. ಇವುಗಳಲ್ಲಿ ಕೊನೆಯದು ನನ್ನ ಮೆಚ್ಚಿನ ಮಾತು. ಪರವಶ ಎಂದರೆ ಬೇರೆಯವರ ವಶ. ಹಾಗಾದರೆ ವಶಕ್ಕೆ ತೆಗೆದುಕೊಂಡ ಆ ‘ಪರ’ ಯಾರು, ಅವರ ಹೊಣೆಯೇನು ಎಂಬ ಪ್ರಶ್ನೆಯೂ ಆ ಮಾತಿನೊಳಗೇ ಅಡಗಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪಾಠ ಹೇಳಿದ ನನಗೆ ಇದು ಹೊಳೆದದ್ದು ನಿವೃತ್ತಳಾದ ಮೇಲೆ, ತಂಗಿಯ ಮಗಳ ದೆಸೆಯಿಂದ.

ಮದುವೆಯಾಗಿ ಆರು ವರ್ಷವಾದ ಹುಡುಗಿ. ಒಂದು ಸಂಜೆ, “ದೊಡ್ಡಮ್ಮ, ಅಮ್ಮನ ಹತ್ತಿರ ಕೇಳುವ ಹಾಗಿಲ್ಲ, ನೀವು ಬೈಯಬಾರದು” ಎಂಬ ಪೀಠಿಕೆ ಹಾಕಿ ಮಾತು ತೆಗೆದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗಂಡ ಹೆಂಡತಿ ಏಕಾಂತದಲ್ಲಿ ಒಂದು ಆಟ ಆಡುತ್ತಾರೆ. ಅವನು ಅವಳ ಕೈ ಕಟ್ಟುತ್ತಾನೆ, ಆಜ್ಞೆ ಮಾಡುತ್ತಾನೆ, ಅವಳು ಬಯಸಿದಷ್ಟು ನೋಯಿಸುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ಬಿ.ಡಿ.ಎಸ್.ಎಂ. ಎಂಬ ಹೆಸರಿದೆ. ಹುಬ್ಬೇರಿಸುವ ಓದುಗರನ್ನು ನಾನು ದೂರುವುದಿಲ್ಲ. ಆದರೆ ಅವಳ ಚಿಂತೆ ಆಟದ ವಿಷಯವಾಗಿರಲಿಲ್ಲ.

“ಸ್ವಲ್ಪ ಹೊತ್ತಾದ ಮೇಲೆ ನೀರಿನ ಮೇಲೆ ತೇಲಿದ ಹಾಗಾಗುತ್ತದೆ, ದೊಡ್ಡಮ್ಮ. ನೋವು ನೋವಾಗಿ ತಾಗುವುದಿಲ್ಲ. ಹತ್ತು ನಿಮಿಷವೋ ಒಂದು ಗಂಟೆಯೋ ತಿಳಿಯುವುದಿಲ್ಲ. ಹೋದ ತಿಂಗಳು ಅವರು ‘ಸಾಕೇ?’ ಎಂದು ಕೇಳಿದರು. ನನಗೆ ಕೇಳಿಸಿತು, ಉತ್ತರ ಮಾತ್ರ ಸಿಗಲಿಲ್ಲ. ಅವರು ಹೆದರಿ ಗಂಟು ಬಿಚ್ಚಿಬಿಟ್ಟರು. ಇದು ಕಾಯಿಲೆಯೇ?”

ಕಾಯಿಲೆಯಲ್ಲ ಎಂದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ವಯಸ್ಕರು ಪರಸ್ಪರ ಒಪ್ಪಿ ಆಡುವ ಇಂಥ ಆಟವನ್ನು ರೋಗವೆಂದು ಎಣಿಸಿಲ್ಲ. ಆದರೆ ಆ ಉತ್ತರ ಎಲ್ಲಿ ಹೋಯಿತು? ಅದನ್ನು ತಿಳಿಯಲು ಮತ್ತೆ ಪುಸ್ತಕ ತೆರೆಯಬೇಕಾಯಿತು.

ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾನಿಲಯದ ಬ್ರಾಡ್ ಸಗಾರಿನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಎರಡೂ ಪಾತ್ರಗಳಲ್ಲಿ ಪಳಗಿದ 14 ಜನರಿಗೆ ಚೀಟಿ ಎತ್ತಿದ ಹಾಗೆ ಪಾತ್ರ ಹಂಚಿದರು. ಏಳು ಮಂದಿ ನಡೆಸುವವರು, ಏಳು ಮಂದಿ ಅಧೀನರಾಗುವವರು. ಅವರಿಗೆ ಕೊಟ್ಟದ್ದು ನಾನು ತರಗತಿಯಲ್ಲಿ ಮಾಡಿಸುತ್ತಿದ್ದ ಪರೀಕ್ಷೆಯೇ. ‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳು ಎಂದರೆ ನಾಲಿಗೆ ತೊಡರುತ್ತದೆ. ಓದಿದ್ದನ್ನು ತಡೆಹಿಡಿದು ಕಂಡದ್ದನ್ನು ಹೇಳಲು ಹಣೆಯ ಹಿಂದಿರುವ ಮಿದುಳಿನ ಭಾಗ ದುಡಿಯಬೇಕು. ಆಟದ ನಂತರ ಅಧೀನರಾಗಿದ್ದವರು ಇದರಲ್ಲಿ ಹಿಂದೆ ಬಿದ್ದರು. ಜನ ಕಡಮೆ, ಆದ್ದರಿಂದ ಇದನ್ನು ಮೊದಲ ಹೆಜ್ಜೆಯೆನ್ನಬೇಕು. ಆದರೂ 2003ರಲ್ಲಿ ಆರ್ನ್ ಡೀಟ್ರಿಚ್ ಮಂಡಿಸಿದ ವಾದಕ್ಕೆ ಇದು ಹೊಂದುತ್ತದೆ: ದೂರದ ಓಟ, ಧ್ಯಾನ, ಕನಸುಗಳಲ್ಲಿ ಮಿದುಳಿನ ಈ ಮುಂಭಾಗ ಕೊಂಚ ಹೊತ್ತು ಮಂಕಾಗುತ್ತದೆಂದು ಅವರ ಮತ.

ಇದೇ ತಂಡದವರು, ಮೈಗೆ ಚುಚ್ಚಿಸಿಕೊಂಡು ಡೋಲಿನ ಗತಿಗೆ ಕುಣಿಯುವ ಒಂದು ಗುಂಪನ್ನೂ ನೋಡಿದರು. ಅವರ ಮೈಯಲ್ಲಿ ಒತ್ತಡದ ರಸವಾದ ಕಾರ್ಟಿಸಾಲ್ ಏರಿತ್ತು; ಮನಸ್ಸಿನ ಒತ್ತಡ ಮಾತ್ರ ಇಳಿದಿದೆಯೆಂದು ಅವರೇ ಹೇಳಿದರು. ವೀರಭದ್ರನ ಜಾತ್ರೆಯಲ್ಲಿ ಕೆನ್ನೆಗೆ ಶಸ್ತ್ರ ಹಾಕಿಸಿಕೊಂಡ ಪುರವಂತನ ಶಾಂತವಾದ ಕಣ್ಣುಗಳನ್ನು ಕಂಡ ನನಗೆ ಇದು ತೀರ ಹೊಸದೆನಿಸಲಿಲ್ಲ. ಅಲ್ಲಿ ಭಕ್ತಿ, ಇಲ್ಲಿ ಪ್ರಣಯ. ಎರಡೂ ಒಂದೇ ಎನ್ನುವ ಸಾಹಸಕ್ಕೆ ನಾನು ಇಳಿಯುವುದಿಲ್ಲ. ಮೈ ಮಾತ್ರ ಒಂದೇ.

ಈಗ ಗಂಭೀರವಾದ ಸಂಗತಿಗೆ ಬರೋಣ. ‘ಸಾಕು’ ಎಂದು ಅಳೆದು ಹೇಳುವ ಬುದ್ಧಿಯೇ ವಿಶ್ರಾಂತಿಗೆ ಹೋದಾಗ, ‘ಸಾಕೇ?’ ಎಂದು ಅದನ್ನೇ ಕೇಳಿ ಏನು ಫಲ? ಆ ಹೊತ್ತಿನ ಮೌನ ಒಪ್ಪಿಗೆಯಲ್ಲ. ಆಗ ಬಾಯಿಂದ ಬಂದ ‘ಹೂಂ’ ಕೂಡ ನೆಚ್ಚುವಂಥದಲ್ಲ. ಒಪ್ಪಿಗೆಯೆಲ್ಲ ಮೊದಲೇ, ಎಚ್ಚರವಿದ್ದಾಗ ಆಗಬೇಕು. ನಡುವೆ ಹೊಸದನ್ನು ಸೇರಿಸಬಾರದು. ಇನ್ನೊಂದು ತೊಡಕೂ ಇದೆ. ಆ ಅಧ್ಯಯನದಲ್ಲಿ ಆಟ ನಡೆಸಿದವರೂ ಸುಮ್ಮನೆ ಎಚ್ಚರವಾಗಿರಲಿಲ್ಲ. ವೀಣೆ ನುಡಿಸುವವನಿಗೆ ಸಭೆ ಮರೆಯುವಂತೆ ಅವರಿಗೂ ತನ್ಮಯತೆ ಬಂದಿತ್ತು. ತನ್ಮಯನಾದವನು ಕಾವಲನ್ನೂ ಮರೆತಾನು. ಆದುದರಿಂದ ನಿಯಮಗಳು ಅವನ ಕೈಯನ್ನೂ ಕಟ್ಟಬೇಕು.

ಇಷ್ಟನ್ನೂ ಅವಳಿಗೆ ಹೇಳಿದೆ. ಆಟದಲ್ಲಿ ನಿಲ್ಲಿಸಲು ಇಬ್ಬರೂ ಗೊತ್ತುಮಾಡಿಕೊಂಡ ಪದ ಅವರಲ್ಲಿ ಆಗಲೇ ಇತ್ತು: ‘ಬದನೆಕಾಯಿ’. ಆದರೆ ಮಾತೇ ಮರೆತಾಗ ಬದನೆಕಾಯಿ ತಾನೇ ಎಲ್ಲಿಂದ ಬರಬೇಕು? ಆದ್ದರಿಂದ ಈಗ ಅವಳ ಮುಷ್ಟಿಯಲ್ಲಿ ಬೀಗದ ಕೈಗೊಂಚಲು ಇರುತ್ತದೆ. ಅದು ಬಿದ್ದರೆ ಆಟ ಮುಗಿಯಿತು. ಕೇಳಿದ್ದಕ್ಕೆ ಉತ್ತರ ಬಾರದಿದ್ದರೂ ಮುಗಿಯಿತು. ಆಮೇಲೆ ಮೈ ನಡುಗುವುದುಂಟು, ಮಾರನೆಯ ದಿನ ಕಾರಣವಿಲ್ಲದೆ ಅಳು ಬರುವುದುಂಟು. ಅದಕ್ಕೆ ಕಂಬಳಿ, ನೀರು, ಏನಾದರೊಂದು ಸಿಹಿ, ಪಕ್ಕದಲ್ಲಿ ಅವನು.

ಅಂದು ಹೆದರಿ ಗಂಟು ಬಿಚ್ಚಿದ್ದಕ್ಕೆ ಆ ಹುಡುಗ ಬಹಳ ದಿನ ಸಂಕೋಚಪಟ್ಟುಕೊಂಡಿದ್ದನಂತೆ. ನನಗೆ ಅವನ ಮೇಲೆ ಗೌರವ ಮೂಡಿದ್ದು ಅದೇ ಕಾರಣಕ್ಕೆ. ಒಬ್ಬರು ತಮ್ಮನ್ನೇ ಒಪ್ಪಿಸಿ ತೇಲಿಹೋದಾಗ, ದಡದಲ್ಲಿ ನಿಂತವರಿಗೆ ಅಷ್ಟು ಭಯ ಇರಲೇಬೇಕು.